ನಮ್ಮ ಫೌಂಡೇಶನ್‌ನಲ್ಲಿ ಅನುದಾನದ ನಿಯಮ ಬದಲಿಸಿದ ಬಗೆ: ನನ್ನ ಅನುಭವ

ಬೆಂಗಳೂರಿನ ಒಂದು ಕುಟುಂಬ ಫೌಂಡೇಶನ್‌ನಲ್ಲಿ ಅನುದಾನದ ವಿಭಾಗ ನೋಡಿಕೊಳ್ಳುವುದು ನನ್ನ ಕೆಲಸ. ರಾಯಚೂರು, ಯಾದಗಿರಿ, ಚಾಮರಾಜನಗರದ ಕಡೆಯ ಸಣ್ಣ ಸಂಸ್ಥೆಗಳಿಗೆ ನಾವು ಹಣ ಕೊಡುತ್ತೇವೆ. ಕೊಡುವ ರೀತಿ ಬದಲಾಗಬೇಕು ಅಂತ ಮೊದಲು ಹೇಳಿದವರು ನಮ್ಮ ಟ್ರಸ್ಟಿಗಳೇ. ಲಾಕ್‌ಡೌನ್ ಹೊತ್ತಿನಲ್ಲಿ ತರಬೇತಿಗೆ ಅಂತ ಕೊಟ್ಟಿದ್ದ ಹಣವನ್ನು ರೇಷನ್ ಕಿಟ್‌ಗೆ ಬಳಸಲು ಸಂಸ್ಥೆಗಳು ನಮ್ಮ ಅನುಮತಿಗೆ ಕಾಯುತ್ತಾ ಕೂತಿದ್ದನ್ನು ಅವರು ನೋಡಿದ್ದರು. ಹಾಗಾಗಿ ಮೇಲಿನವರನ್ನು ಒಪ್ಪಿಸುವ ಕೆಲಸ ನನಗೆ ಇರಲಿಲ್ಲ. ನಿಜವಾದ ಕೆಲಸ ಶುರುವಾದದ್ದು ಅದರ ನಂತರ.

ಹಣ ಕೊಡುವವರ ಮುಂದೆ ಯಾರೂ ಬೇಸರ ಹೇಳಿಕೊಳ್ಳುವುದಿಲ್ಲ, ಅಲ್ವಾ? ನಾವೇ ಹೋಗಿ ‘ಏನಾದರೂ ತೊಂದರೆ ಇದೆಯಾ’ ಅಂದರೆ ‘ಏನಿಲ್ಲ, ಎಲ್ಲಾ ಚೆನ್ನಾಗಿದೆ’ ಅಂತ ಟೀ ಕೊಟ್ಟು ಕಳಿಸುತ್ತಾರೆ. ಅದಕ್ಕೆ ನಿವೃತ್ತ ಉಪನ್ಯಾಸಕಿಯೊಬ್ಬರನ್ನು ಕೇಳಿಕೊಂಡೆವು. ಅವರು ಒಂದೊಂದೇ ಸಂಸ್ಥೆಗೆ ಫೋನ್ ಮಾಡಿ, ಕನ್ನಡದಲ್ಲೇ ನಿಧಾನವಾಗಿ ಮಾತಾಡಿಸಿ, ಯಾರು ಹೇಳಿದ್ದು ಅಂತ ಹೆಸರು ಹಾಕದೆ ನಮಗೆ ಬರೆದುಕೊಟ್ಟರು. ‘ಎರಡನೇ ಕಂತು ಬರುವಷ್ಟರಲ್ಲಿ ವರ್ಷ ಮುಗಿಯುತ್ತೆ. ಅಲ್ಲಿವರೆಗೆ ಹುಡುಗರ ಸಂಬಳ ಎಲ್ಲಿಂದ ಕೊಡೋದು?’ ಅಂತ ಒಬ್ಬರು ಕೇಳಿದ್ದರು. ‘ಇಂಗ್ಲಿಷ್ ವರದಿ ಬರೆಸೋಕೆ ದುಡ್ಡು ಕೊಟ್ಟು ಜನ ಹುಡುಕುತ್ತೇವೆ’ ಅಂತ ಇನ್ನೊಬ್ಬರು ಹೇಳಿದ್ದರು. ಅದನ್ನು ಸಾರಾಂಶ ಮಾಡದೆ, ಹಾಗೇ ಟ್ರಸ್ಟಿಗಳ ಸಭೆಯಲ್ಲಿ ಓದಿದೆ. ಸಾರಾಂಶ ಮಾಡಿದ್ದರೆ ಅದರ ಬಿಸಿ ಆರಿಹೋಗುತ್ತಿತ್ತು.

ಆಮೇಲೆ ನಮ್ಮ ಲೆಕ್ಕಪತ್ರ ವಿಭಾಗದವರನ್ನು ರಾಯಚೂರು ಜಿಲ್ಲೆಯ ಒಂದು ಸಂಸ್ಥೆಗೆ ಕರೆದುಕೊಂಡು ಹೋದೆ. ತಪಾಸಣೆಗೆ ಅಲ್ಲ, ಸುಮ್ನೆ ಪಕ್ಕದಲ್ಲಿ ಕೂತು ನೋಡಲಿಕ್ಕೆ. ಅಲ್ಲಿನ ಅಕೌಂಟೆಂಟ್ ಹುಡುಗಿ ಕಾರ್ಯಕರ್ತೆಯೊಬ್ಬರ ಆಟೋ ಖರ್ಚಿನ ವೋಚರ್ ಹಿಡಿದುಕೊಂಡಿದ್ದಳು. ಆ ದಿನ ಆ ಕಾರ್ಯಕರ್ತೆ ಒಂದೇ ಊರಿನಲ್ಲಿ ಬೇರೆ ಬೇರೆ ದಾನಿಗಳ ಕೆಲಸ ಮಾಡಿದ್ದರು. ಬಾಡಿಗೆಯನ್ನು ಎಲ್ಲರಿಗೂ ಹಂಚಬೇಕು. ಒಬ್ಬರಿಗೆ ಅದು ‘ಪ್ರಯಾಣ’, ಮತ್ತೊಬ್ಬರಿಗೆ ‘ಕ್ಷೇತ್ರ ಭೇಟಿ’, ನಮಗೆ ‘ಮೇಲ್ವಿಚಾರಣೆ’. ‘ಒಂದ್ ಆಟೋ ಬಾಡಿಗಿ ಎಷ್ಟ್ ನಮೂನಿ ಬರೀಬೇಕ್ರಿ ಮೇಡಂ’ ಅಂದಳು. ಸಿಟ್ಟಿನಿಂದ ಅಲ್ಲ, ಪೆನ್ನು ಕೆಳಗಿಡದೆ ಹೇಳಿದಳು. ವಾಪಸ್ ಬರುವಾಗ ನಮ್ಮ ಅಕೌಂಟ್ಸ್ ಮುಖ್ಯಸ್ಥರು ತಾವೇ ಬಜೆಟ್ ಶೀರ್ಷಿಕೆಗಳನ್ನು ಕಡಿಮೆ ಮಾಡುವ ಮಾತು ತೆಗೆದರು.

ಆದರೂ ಅವರಿಗೆ ಒಂದು ಅಳುಕು ಇದ್ದೇ ಇತ್ತು. ‘ನಾಳೆ ಆಡಿಟರ್ ಕೇಳಿದರೆ?’ ಇಂಥ ಬದಲಾವಣೆಗಳು ಜಾಸ್ತಿ ನಿಂತುಹೋಗುವುದು ಇಲ್ಲೇ ಅಂತ ನನ್ನ ಅನಿಸಿಕೆ. ಹಾಗಾಗಿ ಆಡಿಟರನ್ನೇ ಸಭೆಗೆ ಕರೆದೆವು. ನಮ್ಮ ಒಂದೊಂದು ನಿಯಮವನ್ನೂ ಮುಂದಿಟ್ಟು, ‘ಇದು ಕಾನೂನು ಕೇಳುವುದಾ, ನಾವು ಕೇಳುವುದಾ?’ ಅಂತ ಕೇಳಿದೆವು. ಕಾನೂನು ಕೇಳುವುದೂ ನಿಜಕ್ಕೂ ಇತ್ತು. ತೆರಿಗೆ ವಿನಾಯಿತಿ ಬೇಕಾದರೆ ಟ್ರಸ್ಟ್ ತನ್ನ ಆದಾಯದ ಕನಿಷ್ಠ 85% ಭಾಗವನ್ನು ತನ್ನ ಸೇವಾ ಉದ್ದೇಶಕ್ಕೆ ಬಳಸಬೇಕು. 2023ರ ಏಪ್ರಿಲ್‌ನಿಂದ ಇನ್ನೊಂದು ಟ್ರಸ್ಟಿಗೆ ಕೊಟ್ಟ ಅನುದಾನದಲ್ಲೂ 85% ಮಾತ್ರ ಹೀಗೆ ಬಳಸಿದ ಹಣದ ಲೆಕ್ಕಕ್ಕೆ ಬರುತ್ತದೆ. ಸಂಸ್ಥೆಯ ನೋಂದಣಿ ಬೇಕೇ ಬೇಕು. ಆದರೆ ಮೂರು ತಿಂಗಳಿಗೊಮ್ಮೆ ವರದಿ, ಪ್ರತಿ ಬಿಲ್ಲಿನ ಪ್ರತಿ, ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಹಣ ಸರಿಸಲು ಅನುಮತಿ ಪತ್ರ, ಇವೆಲ್ಲ ನಮ್ಮದೇ ಮನೆಯ ನಿಯಮಗಳು.

ಆಡಳಿತ ವೆಚ್ಚದ ಮಿತಿಯ ವಿಷಯದಲ್ಲಂತೂ ದೊಡ್ಡ ಗೊಂದಲ ಬಿಡಿಸಬೇಕಾಯಿತು. ವಿದೇಶಿ ದೇಣಿಗೆಗೆ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ 2020ರ ತಿದ್ದುಪಡಿಯಲ್ಲಿ ಆಡಳಿತ ವೆಚ್ಚದ ಮಿತಿ 50%ರಿಂದ 20%ಕ್ಕೆ ಇಳಿಯಿತು. ನಮ್ಮದು ದೇಶದೊಳಗಿನ ಹಣ. ಅದು ನಮಗೆ ಅನ್ವಯಿಸುವುದೇ ಇಲ್ಲ. ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಯಮದ 5% ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ನಿರ್ವಹಣೆಗೆ ಮಾಡುವ ಖರ್ಚಿಗೆ. ಹಳ್ಳಿಯಲ್ಲಿ ಕೆಲಸ ಮಾಡುವ ಸಂಸ್ಥೆಯ ಬಾಡಿಗೆ, ಅಕೌಂಟೆಂಟ್ ಸಂಬಳಕ್ಕೆ ಅಲ್ಲ. ಈ ಎರಡೂ ಅಂಕಿಗಳನ್ನು ಎಲ್ಲರೂ ಎಲ್ಲ ಹಣಕ್ಕೂ ಹಚ್ಚುತ್ತಾರೆ. ಬಾಡಿಗೆ ಕಟ್ಟದೆ, ಲೆಕ್ಕ ಬರೆಯುವವರಿಗೆ ಸಂಬಳ ಕೊಡದೆ ಯಾವ ಸಂಸ್ಥೆ ನಡೆಯುತ್ತದೆ ಹೇಳಿ?

ಇಷ್ಟಾದ ಮೇಲೆ ಬದಲಾವಣೆಗಳು ಬೇಗ ಬೇಗ ಆದವು. ಒಂದು ವರ್ಷದ ಬದಲು ಮೂರು ವರ್ಷದ ಅನುದಾನ. ಮೊದಲ ಕಂತು ವರ್ಷದ ಶುರುವಿನಲ್ಲೇ. ಅರ್ಜಿಯನ್ನೂ ವರದಿಯನ್ನೂ ಕನ್ನಡದಲ್ಲೇ ಬರೆಯಬಹುದು. ಟ್ರಸ್ಟಿಗಳಿಗೆ ಬೇಕಾದ ಒಂದು ಪುಟದ ಇಂಗ್ಲಿಷ್ ಟಿಪ್ಪಣಿಯನ್ನು ನಮ್ಮ ಕಚೇರಿಯವರೇ ಮಾಡುತ್ತಾರೆ. ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ. ಕನ್ನಡದಲ್ಲಿ ಬರುವ ವರದಿಗಳಲ್ಲಿ ಊರಿನ ಹೆಸರಿದೆ, ಜಗಳ ಇದೆ, ಮಳೆ ಬಂದು ಸಭೆ ನಿಂತುಹೋದ ವಿಷಯ ಇದೆ. ಮೊದಲು ಬರುತ್ತಿದ್ದ ಇಂಗ್ಲಿಷ್ ವರದಿಗಳಲ್ಲಿ ಎಲ್ಲ ಊರೂ ಒಂದೇ ಥರ ಕಾಣುತ್ತಿತ್ತು.

ನಮ್ಮ ಕಾರ್ಯಕ್ರಮ ಅಧಿಕಾರಿಗಳಿಗೆ ಇದು ಸುಲಭ ಆಗಲಿಲ್ಲ. ಇಷ್ಟು ದಿನ ಅವರ ಕೆಲಸ ತಪ್ಪು ಹಿಡಿಯುವುದಾಗಿತ್ತು. ಈಗ ಕೂತು ಕೇಳಬೇಕು, ಬೇಕಾದವರಿಗೆ ಬೇಕಾದ ಜನರನ್ನು ಪರಿಚಯ ಮಾಡಿಸಬೇಕು. ‘ಹಾಗಾದರೆ ನಮ್ಮನ್ನು ಯಾವುದರ ಮೇಲೆ ಅಳೆಯುತ್ತೀರಿ?’ ಅಂತ ಒಬ್ಬರು ನೇರವಾಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ಅವರ ವಾರ್ಷಿಕ ಮೌಲ್ಯಮಾಪನದ ಫಾರ್ಮನ್ನೇ ಬದಲಿಸಿ, ಸಂಸ್ಥೆಗಳ ಅಭಿಪ್ರಾಯವನ್ನು ಅದರಲ್ಲಿ ಸೇರಿಸಿದೆವು. ಮುಂಬಡ್ತಿಯ ಫಾರ್ಮ್ ಹಳೆಯದೇ ಇದ್ದರೆ ಜನ ಹಳೆಯ ಕೆಲಸವನ್ನೇ ಮಾಡುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಈಗ ನಾನು ಹಿಡಿದಿರುವುದು ಉಳಿಕೆ ಹಣದ ವಿಷಯ. ಹಣ ಪಡೆಯುವ ಟ್ರಸ್ಟ್ ಕೂಡ ತನ್ನ ಆದಾಯದ 15% ಉಳಿಸಿಕೊಳ್ಳಲು ಕಾನೂನೇ ಬಿಡುತ್ತದೆ. ಆದರೆ ದಾನಿಗಳು ಖರ್ಚಾಗದ ಪ್ರತಿ ರೂಪಾಯಿಯನ್ನೂ ವಾಪಸ್ ಕೇಳುತ್ತಾರೆ. ನಾವೂ ಕೇಳುತ್ತಿದ್ದೇವೆ. ಕಂತು ತಡವಾದಾಗ ಎರಡು ತಿಂಗಳ ಸಂಬಳಕ್ಕಾದರೂ ಕೈಯಲ್ಲಿ ದುಡ್ಡಿರಲಿ ಅಂತ, ಸಂಸ್ಥೆಗಳ ಆಪತ್ಕಾಲದ ನಿಧಿಗೆ ಅನುದಾನದಲ್ಲೇ ಒಂದು ಪಾಲು ಇಡುವ ಪ್ರಸ್ತಾವ ಮುಂದಿನ ಟ್ರಸ್ಟಿಗಳ ಸಭೆಗೆ ಹೋಗುತ್ತಿದೆ. ಅದರ ಕರಡನ್ನು ಈ ಸಲ ಅಕೌಂಟ್ಸ್ ಮುಖ್ಯಸ್ಥರೇ ಬರೆದಿದ್ದಾರೆ.