ಮೀಟರಿನಲ್ಲಿ 104, ಕೈಯಲ್ಲಿ ನಡುಕ

ಶಿವಮೊಗ್ಗದಿಂದ ಸಾಗರಕ್ಕೆ ಹೊರಟ ನಮ್ಮ ಬಸ್ಸು ಆಯನೂರು ದಾಟಿ ಕುಂಸಿ ಕಡೆ ಹೋಗುತ್ತಿತ್ತು. ಬೆಳಗಿನ ಹತ್ತೂ ಮುಕ್ಕಾಲು. ನಿಂತವರೇ ಮೂವತ್ತು ಜನ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಆ ಹೊತ್ತಿನ ಬಸ್ಸಿಗೆ ಅದು ದಿನದ ಪಾಡು. ಟಿಕೆಟ್ ಮಷೀನಿನ ಗುಂಡಿ ಒತ್ತಲು ಹೋದರೆ ಹೆಬ್ಬೆರಳು ಪಕ್ಕದ ಗುಂಡಿಯ ಮೇಲೆ ಬೀಳುತ್ತಿದೆ. ‘ಚೋರಡಿ ಎರಡು’ ಎಂದವರಿಗೆ ಆನಂದಪುರದ ಟಿಕೆಟ್ ಹರಿದು ಕೊಟ್ಟೆ. ಖಾಕಿ ಬೆನ್ನಿಗೆ ಅಂಟಿಕೊಂಡಿತ್ತು, ತುಟಿಯ ಸುತ್ತ ಜುಮುಜುಮು, ಎದೆ ಡವಡವ. ಎಂಟಕ್ಕೆ ನಾಲ್ಕು ಇಡ್ಲಿ ತಿಂದವನಿಗೆ ಮೂರು ದಿನ ಉಪವಾಸ ಇದ್ದಂಥ ಹಸಿವು.

ಮುಂದಿನ ಸೀಟಿನ ಅಜ್ಜಿಯೊಬ್ಬರು ಮುಖ ನೋಡಿ, ‘ಏನಾತೋ ತಮಾ, ಹಿಂಗೆ ಬೆವರ್ತಾ ಇದೀಯಲ’ ಎಂದರು.

ನಾನು ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವನು. ಶುಗರ್ ಲೋ ಆಗಿದೆ, ಅಂದರೆ ರಕ್ತದ ಸಕ್ಕರೆ ತೀರಾ ಇಳಿದಿದೆ ಅಂತ ನನಗೆ ಅನುಮಾನವೇ ಇರಲಿಲ್ಲ. ಬ್ಯಾಗಿನಿಂದ ಸಕ್ಕರೆ ನೋಡುವ ಮೀಟರ್ ತೆಗೆದು ಬೆರಳು ಚುಚ್ಚಿಕೊಂಡೆ. ಐದು ಸೆಕೆಂಡಿಗೆ ಬಂದ ಅಂಕಿ 104, ಲೋ ಅಲ್ಲವೇ ಅಲ್ಲ. ನಮ್ಮ ಮಾವನಿಗೆ ಯಾವತ್ತಾದರೂ ಇಷ್ಟು ಬಂದರೆ ಮನೆಯಲ್ಲಿ ಪಾಯಸ ಮಾಡುತ್ತಾರೆ. ನಾನು ಮೀಟರನ್ನು ನಂಬಲಿಲ್ಲ. ಒಂದು ಪ್ಯಾಕೆಟ್ ಪಾರ್ಲೆ-ಜಿ ಪೂರ್ತಿ ಮುಗಿಸಿ, ಕುಂಸಿಯಲ್ಲಿ ಡ್ರೈವರ್ ತರಿಸಿದ ಸಕ್ಕರೆ ಚಹಾ ಕುಡಿದೆ. ಜೀವ ಬಂದಂತಾಯಿತು. ಸಾಗರ ಸ್ಟ್ಯಾಂಡಿನಲ್ಲಿ ಇಳಿದು ನೋಡಿದರೆ 263.

ಮೂರು ವಾರ ಇದೇ ಆಟ ನಡೆಯಿತು. ನಡುಕ, ಬಿಸ್ಕತ್ತು, ಎರಡು ಗಂಟೆ ಬಿಟ್ಟು ಇನ್ನೂರೈವತ್ತು. ಮಾತ್ರೆ ನುಂಗುತ್ತಿದ್ದೇನೋ, ಮಾತ್ರೆಯನ್ನು ಸೋಲಿಸಲು ಬಿಸ್ಕತ್ತು ನುಂಗುತ್ತಿದ್ದೇನೋ ನನಗೇ ತಿಳಿಯದು. ಎರಡು ಕೆಜಿ ತೂಕ ಮಾತ್ರ ಖಾತ್ರಿಯಾಗಿ ಏರಿತು.

ನನ್ನ ಹಿನ್ನೆಲೆ ಇಷ್ಟು. ವಯಸ್ಸು 49, ಕಂಡಕ್ಟರ್ ಕೆಲಸಕ್ಕೆ ಸೇರಿ 19 ವರ್ಷ. ಒಂದು ಆರೋಗ್ಯ ಶಿಬಿರದಲ್ಲಿ ಸಕ್ಕರೆ ಕಾಯಿಲೆ ಗೊತ್ತಾದಾಗ ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 11.4 ಇತ್ತು. ಅಂದರೆ ನನ್ನ ರಕ್ತದಲ್ಲಿ ದಿನದ ಸರಾಸರಿ ಸಕ್ಕರೆ 280ರ ಆಸುಪಾಸು. ರಾತ್ರಿ ನಾಲ್ಕು ಸಲ ಏಳುತ್ತಿದ್ದೆ, ಬಾಟಲಿ ಬಾಟಲಿ ನೀರು ಕುಡಿಯುತ್ತಿದ್ದೆ. ಇಂಜಿನ್ ಬಿಸಿಯ ಪಕ್ಕ ದುಡಿಯುವವನಿಗೆ ಬಾಯಾರಿಕೆ ಸಹಜ ಅಂದುಕೊಂಡು ವರ್ಷಗಳನ್ನೇ ಕಳೆದಿರಬೇಕು. ಸಕ್ಕರೆ ಇಳಿಸಲು ಎರಡು ಹೊತ್ತು ಮೆಟ್‌ಫಾರ್ಮಿನ್, ಬೆಳಿಗ್ಗೆ 2 ಮಿಲಿಗ್ರಾಂ ಗ್ಲಿಮಿಪಿರೈಡ್, ಬಿಪಿಗೆ ಒಂದು ಮಾತ್ರೆ ಶುರುವಾಯಿತು. ಆರು ವಾರದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 130ಕ್ಕೆ ಇಳಿಯಿತು. ಇಳಿದದ್ದೇ ತಡ, ನಡುಕ ಶುರು.

ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ ಡಾಕ್ಟರು ಮೀಟರಿನ ಅಂಕಿ ನೋಡಿ, ‘ನಾರ್ಮಲ್ ಇದೆಯಲ್ರೀ, ಟೆನ್ಷನ್ ಅಷ್ಟೆ’ ಎಂದು ನಿದ್ದೆ ಮಾತ್ರೆ ಬರೆದರು. ಬೆಳಿಗ್ಗೆ ಐದಕ್ಕೆ ಡಿಪೋದಲ್ಲಿ ಇರಬೇಕಾದವನಿಗೆ ನಿದ್ದೆ ಮಾತ್ರೆ! ನಾನು ನುಂಗಲಿಲ್ಲ. ಆದರೆ ‘ಎಲ್ಲಾ ನಿನ್ನ ಮನಸ್ಸಿನದ್ದು’ ಅನ್ನಿಸಿಕೊಂಡ ಬೇಜಾರು ಬಹಳ ದಿನ ಇತ್ತು. ಮನೆಯಲ್ಲೂ ಅದೇ ಮಾತು ಬಂತು. ‘ರೀ, ಮೀಟರ್ ಸುಳ್ಳು ಹೇಳತ್ತಾ?’

ಮೀಟರೂ ಸುಳ್ಳು ಹೇಳಿರಲಿಲ್ಲ, ಮೈಯೂ ಸುಳ್ಳು ಹೇಳಿರಲಿಲ್ಲ ಎಂದು ತಿಳಿಸಿದವರು ಆಮೇಲೆ ಸಿಕ್ಕ ಒಬ್ಬ ಹಿರಿಯ ಲೇಡಿ ಡಾಕ್ಟರು. ‘ರಾಯಚೂರಿನಿಂದ ಇಲ್ಲಿಗೆ ವರ್ಗ ಆಗಿ ಬಂದವರನ್ನ ನೋಡಿದೀರಾ? ನೀವು ಬನಿಯನ್‌ನಲ್ಲಿ ಓಡಾಡೋ ಚಳಿಗೆ ಅವರು ಮಫ್ಲರ್ ಸುತ್ತಿರ್ತಾರೆ. ನಿಮ್ಮ ಮೈಗೆ 280 ರಾಯಚೂರು’ ಎಂದರು.

ನಮ್ಮ ಡಿಪೋದಲ್ಲೇ ಅಂಥ ಇಬ್ಬರಿದ್ದಾರೆ. ತಕ್ಷಣ ಅರ್ಥವಾಯಿತು. ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತಿದೆ ಅನ್ನಿಸಿದಾಗ ಮೈ ಅಡ್ರಿನಲಿನ್, ಗ್ಲುಕಗಾನ್‌ನಂಥ ಹಾರ್ಮೋನು ಬಿಡುತ್ತದೆ. ನಡುಕ, ಎದೆ ಹೊಡೆತ ಅಡ್ರಿನಲಿನ್ ಕೆಲಸ; ಬೆವರು ಅದೇ ಹೊತ್ತಿಗೆ ನರಗಳು ಕೊಡುವ ಸೂಚನೆಯಿಂದ. ವರ್ಷಗಟ್ಟಲೆ ಸಕ್ಕರೆ ಮೇಲೆಯೇ ಇದ್ದವರಲ್ಲಿ ಈ ಎಚ್ಚರಿಕೆಯ ಗಂಟೆ ಹೊಡೆಯುವ ಮಟ್ಟವೂ ಮೇಲಕ್ಕೆ ಸರಿದಿರುತ್ತದೆ. 1988ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಅಳೆದೇ ನೋಡಿದ್ದರಂತೆ: ಸಕ್ಕರೆ ಹತೋಟಿಯಲ್ಲಿಲ್ಲದವರಿಗೆ ಸರಾಸರಿ 78ರಲ್ಲೇ ಲೋ ಲಕ್ಷಣ ಶುರುವಾದರೆ, ಕಾಯಿಲೆ ಇಲ್ಲದವರಿಗೆ 53ಕ್ಕೆ ಇಳಿದ ಮೇಲೆ.

‘ನನಗೆ 104ಕ್ಕೇ ಬಂತಲ್ಲ ಮೇಡಂ?’ ಎಂದೆ. ಅದು ಸರಾಸರಿ, ಒಬ್ಬೊಬ್ಬರಿಗೆ ಒಂದೊಂದು. ಅಲ್ಲದೆ ಎಷ್ಟಕ್ಕೆ ಇಳಿಯಿತು ಅನ್ನುವಷ್ಟೇ ಎಷ್ಟು ಬೇಗ ಇಳಿಯಿತು ಅನ್ನುವುದೂ ಮುಖ್ಯ ಎಂದರು. ಇಡ್ಲಿ ತಿಂದು 240ಕ್ಕೆ ಏರಿದ್ದು, ಮಾತ್ರೆಯ ಜೋರಿಗೆ ಒಂದೂವರೆ ಗಂಟೆಯಲ್ಲಿ ಸರ್ರನೆ 104ಕ್ಕೆ ಜಾರಿದರೆ ಮೈ ಗಾಬರಿ ಬೀಳುತ್ತದೆ. ಇದಕ್ಕೆ ಹುಸಿ ಲೋ ಎನ್ನುತ್ತಾರಂತೆ. ಹೆಸರು ನನಗೆ ಹಿಡಿಸಲಿಲ್ಲ. ಬೆವರು ಹುಸಿಯಾಗಿರಲಿಲ್ಲ.

ಆದರೆ ಅವರು ಅಲ್ಲಿಗೇ ಬಿಡಲಿಲ್ಲ. 1930ರ ದಶಕದಲ್ಲಿ ವಿಪಲ್ ಎಂಬ ಸರ್ಜನ್ ಹಾಕಿಕೊಟ್ಟ ಮೂರು ಷರತ್ತನ್ನು ಹೇಳಿದರು: ಲಕ್ಷಣ ಇರಬೇಕು, ಅದೇ ಹೊತ್ತಿಗೆ ಸಕ್ಕರೆ ಕಡಿಮೆ ಇರಬೇಕು, ಸಕ್ಕರೆ ಏರಿಸಿದಾಗ ಲಕ್ಷಣ ಹೋಗಬೇಕು. ಮೂರೂ ಕೂಡಿದರೆ ನಿಜವಾದ ಲೋ. ನಡುವಿನದ್ದು ಇಲ್ಲದಿದ್ದರೆ ಬೇರೆ ಕಾರಣವನ್ನೂ ಹುಡುಕಬೇಕು. ಥೈರಾಯ್ಡ್, ಹಿಮೋಗ್ಲೋಬಿನ್, ಇಸಿಜಿ ಮಾಡಿಸಿದರು, ಮೂರೂ ಸರಿಯಿದ್ದವು. ನನಗೆ ಒಂದು ಕೆಲಸ ಕೊಟ್ಟರು: ನಡುಕ ಬಂದಾಗಲೆಲ್ಲ ಬಿಸ್ಕತ್ತಿಗೆ ಮುಂಚೆ ಮೀಟರ್, ಮೀಟರಿಗೆ ಮುಂಚೆ ಸಮಯ ನೋಡಿ ಬರೆಯಬೇಕು.

ಬರೆಯುವುದು ನಮಗೆ ಹೊಸದಲ್ಲ. ಟಿಕೆಟ್ ಮಷೀನು ಬರುವ ಮುಂಚೆ ವೇ ಬಿಲ್ಲಿನಲ್ಲಿ ಸ್ಟೇಜಿಗೊಂದು ಸಾಲು ತುಂಬಿದ ಕೈ. ಒಂದು ಸಣ್ಣ ನೋಟ್‌ಬುಕ್ಕಿಗೆ ಗೆರೆ ಎಳೆದು ಆರು ಕಾಲಂ ಮಾಡಿದೆ. ಗಂಟೆ, ಏನನ್ನಿಸಿತು, ಮೀಟರ್ ಎಷ್ಟು, ಕೊನೆಗೆ ತಿಂದದ್ದು ಯಾವಾಗ ಮತ್ತು ಏನು, ಮಾತ್ರೆ, ಮತ್ತೆ ‘ಇತರೆ’. ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಆ ‘ಇತರೆ’ಯೇ.

ಐದು ವಾರದಲ್ಲಿ 31 ಸಾಲು ಆದವು. ಅದರಲ್ಲಿ 80ಕ್ಕಿಂತ ಕೆಳಗೆ ಬಂದದ್ದು ಬರೀ ಮೂರು. 80ರಿಂದ 100ರ ಒಳಗೆ ಹತ್ತು. ಉಳಿದ 18 ಸಲ ಸಕ್ಕರೆ ನೂರರ ಮೇಲೇ ಇತ್ತು. ಆ 18ರ ‘ಇತರೆ’ ಓದಿದರೆ ಏಳು ಸಲ ಬೆಳಗಿನ ಜಾವದ ಡ್ಯೂಟಿಗೆ ಖಾಲಿ ಹೊಟ್ಟೆಯಲ್ಲಿ ಎರಡು ಲೋಟ ಗಟ್ಟಿ ಕಾಫಿ ಕುಡಿದಿದ್ದೆ. ನಾಲ್ಕು ಸಲ ಡಿಕ್ಕಿಯಲ್ಲಿ ಲಗೇಜ್ ನೋಡಲು ಬಗ್ಗಿ ಎದ್ದ ತಕ್ಷಣ ಬಂದದ್ದು. ಇದನ್ನು ಕಂಡ ಡಾಕ್ಟರು ಕೂರಿಸಿ ಬಿಪಿ ನೋಡಿದರು, 138. ನಿಲ್ಲಿಸಿ ನೋಡಿದರು, 112. ಆ ನಾಲ್ಕಕ್ಕೂ ಸಕ್ಕರೆಗೂ ಸಂಬಂಧವೇ ಇರಲಿಲ್ಲ. ಬಿಪಿ ಮಾತ್ರೆ ಬದಲಾಯಿತು, ಆ ತರಹದ್ದು ನಿಂತಿತು. ಕಾಫಿಯನ್ನು ನಾನೇ ತಿಂಡಿಯ ನಂತರಕ್ಕೆ ತಳ್ಳಿದೆ, ಇವತ್ತಿಗೂ ಮನಸ್ಸಿಲ್ಲದ ಮನಸ್ಸಿನಿಂದ.

ನಡುಕ ಬಂದಾಗ ಏನು ಮಾಡಬೇಕೆಂಬುದನ್ನೂ ಇಬ್ಬರೂ ಕೂತು ಗೊತ್ತು ಮಾಡಿದೆವು. ಪುಸ್ತಕದ ಪ್ರಕಾರ ಲೋ ಅಂದರೆ 70ಕ್ಕಿಂತ ಕೆಳಗೆ, 54ಕ್ಕಿಂತ ಕೆಳಗಾದರೆ ಗಂಭೀರ. ಆದರೆ ಮನೆಯ ಮೀಟರುಗಳಿಗೆ ನೂರರ ಕೆಳಗೆ 15 ಅಂಕಿ ಆಚೀಚೆ ತೋರಿಸಲು ವಿನಾಯಿತಿ ಇದೆ. 78 ತೋರಿಸಿದ್ದು ನಿಜದಲ್ಲಿ 63 ಇರಬಹುದು. ಗ್ಲಿಮಿಪಿರೈಡ್ ನಿಜವಾಗಿಯೂ ಲೋ ಮಾಡಬಲ್ಲ ಮಾತ್ರೆ; ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಆ ಭಯ ತೀರಾ ಕಡಿಮೆ. ಹಾಗಾಗಿ ನನ್ನ ಗಡಿ 80. ಅದರ ಕೆಳಗಿದ್ದು ನಡುಕವೂ ಇದ್ದರೆ ಮಾತಿಲ್ಲ, ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿ, ಹದಿನೈದು ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡು. 80ರಿಂದ 100 ಇದ್ದರೆ ಸಕ್ಕರೆ ನೀರು ಮುಟ್ಟದೆ ಒಂದು ಹಿಡಿ ಹುರಿದ ಶೇಂಗಾ ಇಲ್ಲವೇ ಎರಡು ಬಿಸ್ಕತ್ತು. ನೂರರ ಮೇಲಿದ್ದರೆ ನೀರು ಕುಡಿದು ಕೂರು, ಹದಿನೈದು ನಿಮಿಷಕ್ಕೆ ಮತ್ತೆ ನೋಡು, ಇಳಿಯುತ್ತಿದ್ದರೆ ಮಾತ್ರ ಶೇಂಗಾ. ಮೀಟರ್ ಕೈಯಲ್ಲಿ ಇಲ್ಲದಿದ್ದರೆ ಲೆಕ್ಕಾಚಾರ ಬೇಡ, ಲೋ ಎಂದೇ ತಿಳಿದು ಸಕ್ಕರೆ. ಹೆಚ್ಚಾದರೆ ಒಂದು ಹೊತ್ತು 200 ಆದೀತು, ಇಳಿದು ಪ್ರಜ್ಞೆ ತಪ್ಪಿದರೆ ಕಥೆಯೇ ಬೇರೆ. ಇದು ನನ್ನ ಮೈ, ನನ್ನ ಮಾತ್ರೆಗೆ ಕಟ್ಟಿದ ಗಡಿ. ಇನ್ಸುಲಿನ್‌ನಲ್ಲಿ ಇರುವವರು ತಮ್ಮ ಡಾಕ್ಟರನ್ನೇ ಕೇಳಬೇಕು.

ನೂರರ ಮೇಲಿದ್ದಾಗ ಕಾಯುವ ಆ ಹದಿನೈದು ನಿಮಿಷ ಇದೆಯಲ್ಲ, ಅದರಷ್ಟು ಕಷ್ಟದ್ದು ಯಾವುದೂ ಇರಲಿಲ್ಲ. ಕೈ ಚೀಲದ ಕಡೆ ತಾನಾಗಿ ಹೋಗುತ್ತದೆ. ‘ಸಾಯ್ತೀಯ, ತಿನ್ನು’ ಅಂತ ಮೈಯ ಒಂದೊಂದು ರೋಮವೂ ಹೇಳುತ್ತದೆ. ಮೊದಲ ಸಲ ಕುಂಸಿಯಿಂದ ಚೋರಡಿವರೆಗೆ ಕಂಬಿ ಹಿಡಿದು ಕಿಟಕಿಯಾಚೆ ಅಡಿಕೆ ತೋಟ ನೋಡುತ್ತಾ ತಡೆದುಕೊಂಡೆ. 112 ಇದ್ದದ್ದು 109 ಆಗಿತ್ತು, ಬೆವರು ಆರಿತ್ತು. ತಿನ್ನದೆಯೂ ಹೋಗುತ್ತದೆ ಎಂದು ಆವತ್ತು ಗೊತ್ತಾದದ್ದು.

ಈ ಧೈರ್ಯವೇ ಒಂದು ದಿನ ಕೈ ಕೊಡುತ್ತಿತ್ತು. ಆನಂದಪುರದಲ್ಲಿ ಒಬ್ಬರು ಜೋನಿ ಬೆಲ್ಲದ (ಪಾಕದಂಥ ನೀರು ಬೆಲ್ಲ) ಡಬ್ಬಿ ಹತ್ತಿಸಿದರು. ಮುಚ್ಚಳ ಸರಿ ಇಲ್ಲದೆ ಸೋರುತ್ತಿತ್ತು, ನಾನೇ ಎತ್ತಿ ಸೀಟಿನ ಕೆಳಗೆ ಸರಿಸಿದೆ. ಆವತ್ತು ಬಸ್ಸು ಕೆಟ್ಟು ತಿಂಡಿ ತಪ್ಪಿಹೋಗಿತ್ತು, ಮಾತ್ರೆ ಮಾತ್ರ ಹೊಟ್ಟೆ ಸೇರಿತ್ತು. ಸ್ವಲ್ಪ ಹೊತ್ತಿಗೆ ನಡುಕ. ಚುಚ್ಚಿದರೆ 131. ‘ಹುಸಿ’ ಅಂದುಕೊಂಡು ನೀರು ಕುಡಿದು ಕೂತೆ. ಆದರೆ ಈ ಸಲ ಬೇರೆ ಥರ. ಐವತ್ತರ ನೋಟಿಗೆ ಎಷ್ಟು ಚಿಲ್ಲರೆ ಕೊಡಬೇಕೆಂದು ಲೆಕ್ಕ ಹತ್ತುತ್ತಿಲ್ಲ. 19 ವರ್ಷದಲ್ಲಿ ಹಾಗಾಗಿರಲಿಲ್ಲ. ಅಷ್ಟರಲ್ಲಿ ಟಿಕೆಟ್ ರೋಲು ಬೆರಳಿಗೆ ಅಂಟಿತು. ಬೆಲ್ಲ! ಬಾಟಲಿ ನೀರಿನಲ್ಲಿ ಕೈ ತಿಕ್ಕಿ ತೊಳೆದು, ಒರೆಸಿ, ಬೇರೆ ಬೆರಳು ಚುಚ್ಚಿದೆ. 61.

ಬೆರಳ ತುದಿಯ ಬೆಲ್ಲ ರಕ್ತದ ಹನಿಗೆ ಬೆರೆತು 70 ಅಂಕಿ ಸುಳ್ಳು ಸೇರಿಸಿತ್ತು. ಬಾಳೆಹಣ್ಣು ಸುಲಿದ ಕೈಗೂ ಇದೇ ಗತಿ. ಡ್ರೈವರಿಗೆ ಹೇಳಿ ಬಸ್ಸು ನಿಲ್ಲಿಸಿಯೇ ಸಕ್ಕರೆ ನೀರು ಕುಡಿದೆ. ಆವತ್ತಿನಿಂದ ಕೈ ತೊಳೆಯದೆ ಚುಚ್ಚಿದ್ದನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಇನ್ನೊಂದು ವಿಷಯವೂ ಆಗ ತಿಳಿಯಿತು. ಹುಸಿಯಲ್ಲಿ ಮೈ ನಡುಗುತ್ತಿತ್ತೇ ಹೊರತು ತಲೆ ಕೆಲಸ ಮಾಡುತ್ತಿತ್ತು. ಲೆಕ್ಕ ತಪ್ಪಿತು, ಕಣ್ಣು ಮಂಜಾಯಿತು, ಮಾತು ತೊದಲಿತು ಅಂದರೆ ನಾನು ಮೀಟರಿಗೂ ಕಾಯುವುದಿಲ್ಲ. ನಮ್ಮ ಡಿಪೋದ ಡ್ರೈವರೊಬ್ಬರಿಗೆ ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಇದೆ. ಅವರಿಗೆ ನಿಜವಾದ ಲೋ ಆದರೂ ನಡುಕವೂ ಡವಡವವೂ ಸರಿಯಾಗಿ ಗೊತ್ತಾಗುವುದಿಲ್ಲ, ಬೆವರೇ ಮುಖ್ಯ ಸುಳಿವು.

ಆ 61 ನೋಡಿ ಡಾಕ್ಟರು ಗ್ಲಿಮಿಪಿರೈಡನ್ನು ಅರ್ಧಕ್ಕೆ ಇಳಿಸಿ, ‘ಆತುರ ಬೇಡ, ನಿಧಾನ ಇಳಿಸೋಣ’ ಎಂದರು. ವರ್ಷಗಟ್ಟಲೆ ಮೇಲಿದ್ದ ಸಕ್ಕರೆಯನ್ನು ಧಡಕ್ಕನೆ ಇಳಿಸಿದರೆ ಕೆಲವರಿಗೆ ಕಣ್ಣಿನ ಹಿಂಭಾಗದ ಪರದೆಗೂ (ರೆಟಿನಾ) ನರಕ್ಕೂ ತೊಂದರೆ ಹೆಚ್ಚಬಹುದಂತೆ. ಕಣ್ಣಿನ ಪರೀಕ್ಷೆಯನ್ನೂ ಆಗಲೇ ಮಾಡಿಸಿದರು. ಊಟದಲ್ಲಿ ನಾನು ಬದಲಿಸಿದ್ದು ಸ್ವಲ್ಪವೇ. ನಾಲ್ಕು ಇಡ್ಲಿ ಇದ್ದದ್ದು ಎರಡಾಯಿತು, ಜೊತೆಗೆ ಮೊಟ್ಟೆ ಅಥವಾ ಮೊಳಕೆ ಹೆಸರುಕಾಳಿನ ಉಸಲಿ. ಸಾಗರದ ಊಟದಲ್ಲಿ ಅನ್ನ ಅರ್ಧ, ಪಲ್ಯ ಎರಡು ಪಟ್ಟು. ಏರುವುದೇ ಕಡಿಮೆಯಾದ ಮೇಲೆ ಜಾರುವುದೂ ಕಡಿಮೆಯಾಯಿತು.

ನೋಟ್‌ಬುಕ್ಕಿನ ಎರಡನೇ ತಿಂಗಳಲ್ಲಿ ಒಂಬತ್ತೇ ಸಾಲು. ಮೂರನೇ ತಿಂಗಳಲ್ಲಿ ಎರಡು. ಎಚ್‌ಬಿಎ1ಸಿ ಮೊದಲು 7.6, ಆಮೇಲೆ 7.0. ಈಗ ತಿಂಡಿಗೆ ಮುಂಚೆ 98 ಇದ್ದರೂ ಮೈ ಸುಮ್ಮನೆ ಇರುತ್ತದೆ. ರಾಯಚೂರಿನವರು ಎರಡನೇ ವರ್ಷ ಮಫ್ಲರ್ ಬಿಟ್ಟ ಹಾಗೆ.

ಹೋದ ತಿಂಗಳು ಒಂದು ಹಳ್ಳಿಯಲ್ಲಿ ನೈಟ್ ಹಾಲ್ಟ್ ಇತ್ತು. ಮಳೆಗೆ ಹೋಟೆಲು ಬೇಗ ಮುಚ್ಚಿ, ರಾತ್ರಿಗೆ ಸಿಕ್ಕಿದ್ದು ಒಂದು ಬನ್ನು. ಬಸ್ಸಿನೊಳಗೆ ಮಲಗಿದವನಿಗೆ ಎರಡೂ ಹತ್ತಕ್ಕೆ ಎಚ್ಚರವಾಯಿತು, ಬನಿಯನ್ ಒದ್ದೆ. ಕೈ ತೊಳೆದು ಚುಚ್ಚಿದೆ, 66. ಮೂರು ಚಮಚ ಸಕ್ಕರೆ. ಹದಿನೈದು ನಿಮಿಷಕ್ಕೆ 94. ಇನ್ನೆರಡು ಬಿಸ್ಕತ್ತು ತಿಂದು ನೋಟ್‌ಬುಕ್ಕಿನಲ್ಲಿ ಬರೆದೆ. ಡ್ರೈವರ್ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದರು. ಆ ಸಾಲು ತೋರಿಸಿದಾಗ ಡಾಕ್ಟರು ಗ್ಲಿಮಿಪಿರೈಡ್ ಪೂರ್ತಿ ನಿಲ್ಲಿಸಿದರು.