ಸಿಂಗಲ್ಸ್‌ನಲ್ಲಿ ಸ್ಮ್ಯಾಶ್‌ಗೆ ಮೊದಲು ಕಾಲು ನೋಡಿಕೊಳ್ಳಿ

ಬ್ಯಾಡ್ಮಿಂಟನ್ ಡಬಲ್ಸ್‌ನಲ್ಲಿ ಹುಲಿಯಂತೆ ಆಡುವವರು ಸಿಂಗಲ್ಸ್‌ಗೆ ಇಳಿದರೆ ಹತ್ತು ಪಾಯಿಂಟ್ ಆಗುವಷ್ಟರಲ್ಲಿ ಸೊಂಟ ಹಿಡಿದು ನಿಂತುಬಿಡುತ್ತಾರೆ. ದಮ್ಮು ಸಾಲದು ಅಂತ ಅವರ ದೂರು. ನನ್ನ ಪ್ರಕಾರ ಅರ್ಧ ತಪ್ಪು ಹೊಡೆತದ ಆಯ್ಕೆಯದು. ಕಾಕ್ (ಶಟಲ್) ಮೇಲೆ ಬಂದರೆ ಸಾಕು, ಎಲ್ಲಿದ್ದರೂ ಜೋರಾಗಿ ಕೆಳಕ್ಕೆ ಬಾರಿಸುವ ಸ್ಮ್ಯಾಶ್!

ಮೊದಲು ಕೋರ್ಟಿನ ಅಳತೆ ತಲೆಯಲ್ಲಿರಲಿ. ನಿಮ್ಮ ಕಡೆಯ ಅರ್ಧದ ಉದ್ದ 6.7 ಮೀಟರ್, ಅಗಲ 5.18 ಮೀಟರ್. ಉದ್ದವೇ ಜಾಸ್ತಿ ಅಲ್ವಾ? ಹಾಗಾಗಿ ಎದುರಾಳಿಯನ್ನು ಹಿಂದಕ್ಕೂ ಮುಂದಕ್ಕೂ ಓಡಿಸುವುದೇ ಆಟದ ಬುನಾದಿ. ಟಾಸ್, ಅಂದರೆ ಎತ್ತರಕ್ಕೆ ಹಿಂದಕ್ಕೆ ಕಳಿಸುವ ಹೊಡೆತ, ಎದುರಿನವರ ಬೇಸ್‌ಲೈನ್ ಹತ್ತಿರ ಬೀಳಲಿ. ನಡುಕೋರ್ಟಿನಲ್ಲಿ ಬಿದ್ದ ಟಾಸ್ ಎಂದರೆ ನೀವಾಗಿ ಕೊಟ್ಟ ಉಡುಗೊರೆ.

ಎರಡನೆಯದೇ ಮುಖ್ಯ. ಹೊಡೆಯುವ ಮುನ್ನ ಒಂದೇ ಪ್ರಶ್ನೆ: ನಾನು ಕಾಕ್‌ನ ಹಿಂದೆ ಇದ್ದೇನಾ? ಕಾಲು ಗಟ್ಟಿಯಾಗಿ ನಿಂತು, ಕಾಕ್ ನಿಮ್ಮ ಮುಂದೆ ಎತ್ತರದಲ್ಲಿದ್ದರೆ ಸ್ಮ್ಯಾಶ್, ಬಲ ಕಡಿಮೆ ಮಾಡಿದ ಹಾಫ್ ಸ್ಮ್ಯಾಶ್, ನೆಟ್ ಹತ್ತಿರ ಮೆಲ್ಲಗೆ ಬೀಳಿಸುವ ಡ್ರಾಪ್ ಮೂರೂ ನಿಮ್ಮ ಕೈಯಲ್ಲಿವೆ. ಮೂರಕ್ಕೂ ತೋಳು ಒಂದೇ ಥರ ಎತ್ತಿದರೆ ಎದುರಿನವರಿಗೆ ಗೊತ್ತಾಗುವುದು ತಡ. ಆದರೆ ಕಾಕ್ ತಲೆಯ ಹಿಂದಕ್ಕೆ ಹೋಗಿದೆಯೇ? ಆಗ ಸುಮ್ನೆ ಎತ್ತರಕ್ಕೆ ಟಾಸ್ ಮಾಡಿ. ಅದೂ ನೇರಕ್ಕೆ. ತಡವಾಗಿ ಅಡ್ಡ ಮೂಲೆಗೆ ಹೊಡೆದ ಕ್ರಾಸ್ ಗಿಡ್ಡವಾದರೆ ಇನ್ನೊಂದು ಮೂಲೆ ಪೂರಾ ಖಾಲಿ. ಅಲ್ಲಿಗೆ ಓಡುವುದು ನೀವೇ.

ನೆಟ್ ಹತ್ತಿರ ಲೆಕ್ಕ ಸುಲಭ. ನೆಟ್ ಮೇಲಂಚಿನ ಟೇಪಿನ ಎತ್ತರದಲ್ಲಿ ಸಿಕ್ಕರೆ ಮೆಲ್ಲಗೆ ನೆಟ್ ದಾಟಿಸುವ ಡ್ರಿಬಲ್, ಮೊಣಕಾಲಿನ ಕೆಳಗೆ ಸಿಕ್ಕರೆ ಎತ್ತರಕ್ಕೆ ಹಿಂದಕ್ಕೆ ಕಳಿಸುವ ಲಿಫ್ಟ್.

ಹೊಡೆದ ಮೇಲೆ ನಿಂತು ನೋಡಬೇಡಿ, ಮಧ್ಯಕ್ಕೆ ಬನ್ನಿ. ಎದುರಿನವರ ರಾಕೆಟ್ ಕಾಕ್‌ಗೆ ತಗಲುವ ಹೊತ್ತಿಗೆ ಒಂದು ಪುಟ್ಟ ನೆಗೆತ. ಅದರಿಂದ ಯಾವ ದಿಕ್ಕಿಗಾದರೂ ಕಾಲು ಏಳುತ್ತದೆ.

ಈಗ ಮನಸ್ಸಿನ ವಿಷಯ. ‘ಈ ಹೊಡೆತದಲ್ಲೇ ಮುಗಿಸುತ್ತೇನೆ’ ಅಂತ ಹೊರಟರೆ ಕೈ ಬಿಗಿಯುತ್ತದೆ, ಕಾಕ್ ಔಟ್. ‘ಇನ್ನೊಂದು ವಾಪಸ್ ಕೊಡುತ್ತೇನೆ, ಅವರಿಗೆ ಕಷ್ಟವಾದ ಕಡೆ’ ಅಂದುಕೊಳ್ಳಿ. 1980ರ ಆಲ್ ಇಂಗ್ಲೆಂಡ್ ಟೂರ್ನಿಯ ಫೈನಲ್‌ನಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ಪಡುಕೋಣೆ ಎದುರು ಇದ್ದವರು ಇಂಡೋನೇಷ್ಯಾದ ಲಿಯೆಮ್ ಸ್ವಿ ಕಿಂಗ್. ಹಿಂದಿನ ಎರಡು ವರ್ಷ ಅವರೇ ಚಾಂಪಿಯನ್, ಹಾರಿ ಹೊಡೆಯುವ ಸ್ಮ್ಯಾಶ್‌ಗೆ ಹೆಸರಾದವರು. ಪ್ರಕಾಶ್ ವೇಗಕ್ಕೆ ವೇಗ ಕೊಡಲಿಲ್ಲ. ಆಟವನ್ನೇ ನಿಧಾನ ಮಾಡಿ, ಟಾಸ್, ಡ್ರಾಪ್, ಹಾಫ್ ಸ್ಮ್ಯಾಶ್‌ಗಳಲ್ಲಿ ಆಡಿಸಿದರು. ಗೆದ್ದಿದ್ದು 15-3, 15-10. ಆಗ ಸರ್ವ್ ಮಾಡಿದವರಿಗಷ್ಟೇ ಪಾಯಿಂಟ್. 2006ರಿಂದ 21 ಪಾಯಿಂಟಿನ ಆಟ ಬಂದ ಮೇಲೆ ಪ್ರತಿ ರ‍್ಯಾಲಿಗೂ ಒಂದು ಪಾಯಿಂಟ್. ಅಂದರೆ ಆತುರದ ತಪ್ಪಿಗೆ ದಂಡ ಈಗ ಇನ್ನೂ ಜಾಸ್ತಿ.

ಆ ಪದ್ಧತಿಯಲ್ಲಿ ಒಬ್ಬರು 11 ಪಾಯಿಂಟ್ ಮುಟ್ಟಿದಾಗ 60 ಸೆಕೆಂಡ್ ಬಿಡುವು ಸಿಗುತ್ತದೆ. ನೀರು ಕುಡಿಯುತ್ತಾ ಒಂದನ್ನೇ ಯೋಚಿಸಿ: ಅವರು ಯಾವ ಮೂಲೆಯಿಂದ ಗಿಡ್ಡ ಟಾಸ್ ಕೊಡುತ್ತಿದ್ದಾರೆ? ಬಹಳ ಮಂದಿಗೆ ಅದು ಬ್ಯಾಕ್‌ಹ್ಯಾಂಡ್ ಮೂಲೆ, ಅಂದರೆ ರಾಕೆಟ್ ಹಿಡಿಯದ ಕೈಯ ಕಡೆಯ ಹಿಂದಿನ ಮೂಲೆ. ಕಾಕ್ ಮತ್ತೆ ಮತ್ತೆ ಅಲ್ಲಿಗೇ ಹೋಗಲಿ. ಸೋತ ಪಾಯಿಂಟಿನ ಪೋಸ್ಟ್‌ಮಾರ್ಟಂ ಮನೆಗೆ ಹೋದ ಮೇಲೆ.

ಅಭ್ಯಾಸಕ್ಕೆ ಒಂದು ಆಟ ಹೇಳುತ್ತೇನೆ. ಗೆಳೆಯರ ಜೊತೆ 11 ಪಾಯಿಂಟ್ ಆಡಿ, ಸ್ಮ್ಯಾಶ್ ಪೂರ್ತಿ ಬಂದ್. ತಡೆಯಲಾಗದೆ ಹೊಡೆದವರು ಎಲ್ಲರಿಗೂ ಕಾಫಿ ಕೊಡಿಸಬೇಕು. ಮೊದಲ ಎರಡು ವಾರ ಕಾಫಿ ದುಡ್ಡು ನನ್ನದೇ ಹೋಯಿತು.