ಹಲ್ಲೇನು ತಳ ಹಿಡಿದ ಪಾತ್ರೆಯಾ?

ಬೆಳಗ್ಗೆ ಆರೂವರೆಗೆ ನಮ್ಮ ಮನೆಯಲ್ಲಿ ಒಂದು ಮೆರವಣಿಗೆ ಹೊರಡುತ್ತದೆ. ಮೊಮ್ಮಗ ಬಾಯಲ್ಲಿ ಬ್ರಶ್ ಸಿಕ್ಕಿಸಿಕೊಂಡು ನಡುಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ಸುತ್ತುತ್ತಾನೆ. ಕೈಯಲ್ಲಿ ಮೊಬೈಲು, ಗಲ್ಲದ ಮೇಲೆ ನೊರೆ. "ಎಷ್ಟು ಹೊತ್ತು ಉಜ್ಜಿದೆಯೋ?" ಅಂದರೆ "ಹತ್ತು ನಿಮಿಷ ಅಜ್ಜಿ" ಅನ್ನುತ್ತಾನೆ. ಉಜ್ಜಿದ್ದು ಮುಂದಿನ ಆರು ಹಲ್ಲು. ಮಿಕ್ಕವಕ್ಕೆ ಬರೀ ನೊರೆ ಸೋಕಿರುತ್ತದೆ.

ಅವನಪ್ಪನದು ಇನ್ನೊಂದು ಕಥೆ. ಮುಷ್ಟಿ ಕಟ್ಟಿ ಗರಗಸ ಎಳೆದ ಹಾಗೆ ಎಳೆಯುತ್ತಾನೆ. ಮೂರು ತಿಂಗಳು ಬರಬೇಕಾದ ಬ್ರಶ್ಶು ಮೂರು ವಾರಕ್ಕೆ ಹಳೇ ಪೊರಕೆ. ಈಗ ತಣ್ಣೀರು ಕುಡಿದರೆ ಹಲ್ಲು ಜುಂ ಅನ್ನುತ್ತದಂತೆ. ಅನ್ನದೆ ಇನ್ನೇನು? ಒಸಡು ಸವೆದು ಬೇರು ಇಣುಕುತ್ತಿದೆ. ಹಲ್ಲೇನು ತಳ ಹಿಡಿದ ಪಾತ್ರೆಯಾ? ಅಲ್ಲಿ ಕೂರುವ ಕೊಳೆ ಹಾಲಿನ ಕೆನೆಯಷ್ಟು ಮೆತ್ತಗಿರುತ್ತದೆ. ಬ್ರಶ್ ತಾಗಿದರೆ ಸಾಕು, ಬಂದುಬಿಡುತ್ತದೆ. ಆದರೆ ತಾಗಬೇಕಲ್ಲ!

ನಮ್ಮವ್ವ ಹಿತ್ತಲಿನ ಒಗೆಯೋ ಕಲ್ಲಿನ ಮೇಲೆ ಕೂತು ಬೇವಿನ ಕಡ್ಡಿ ಜಗಿಯುತ್ತಿದ್ದಳು. ತುದಿ ಕುಂಚದ ಹಾಗಾದ ಮೇಲೆ ಒಂದೊಂದೇ ಹಲ್ಲು. ಆ ಹೊತ್ತಿಗೆ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಕಡ್ಡಿಯೇ ಬೇಕು ಅಂತ ನಾನು ಹೇಳುವುದಿಲ್ಲ. ಬ್ರಶ್ಶೇ ವಾಸಿ, ಮೂಲೆಗೂ ಹೋಗುತ್ತದೆ. ಕಲಿಯಬೇಕಾದ್ದು ಅವಳ ನಿಧಾನವನ್ನು.

ಈಗ ನನ್ನ ಪದ್ಧತಿ ಹೇಳುತ್ತೇನೆ. ಸೊಸೆ ನಗುತ್ತಾಳೆ, ನಗಲಿ. ಮೊದಲ ಸುತ್ತು ಪೇಸ್ಟ್ ಇಲ್ಲದೆ. ಪೇಸ್ಟ್ ಹಚ್ಚಿದ ಕೂಡಲೇ ಬಾಯಿ ತುಂಬ ನೊರೆ, ಬಾಯೆಲ್ಲ ತಂಪು. ಏನೂ ಮಾಡದೆಯೇ ಎಲ್ಲ ಆಯಿತು ಅನ್ನಿಸಿಬಿಡುತ್ತದೆ. ಅದಕ್ಕೇ ಬ್ರಶ್ಶನ್ನು ಸುಮ್ನೆ ಒದ್ದೆ ಮಾಡಿಕೊಳ್ಳಿ. ಕೂದಲು ಮೆತ್ತಗಿರುವ ಬ್ರಶ್ಶೇ ಆಗಬೇಕು. ಮುಷ್ಟಿಯಲ್ಲಿ ಹಿಡಿಯಬೇಡಿ. ರಂಗೋಲಿ ಪುಡಿ ಹಿಡಿಯುತ್ತೀರಲ್ಲ, ಹಾಗೆ ಬೆರಳ ತುದಿಯಲ್ಲಿ ಹಿಡಿಯಿರಿ. ಹೀಗೆ ಹಿಡಿದರೆ ಜೋರು ಹಾಕಬೇಕೆಂದರೂ ಆಗುವುದಿಲ್ಲ.

ಶುರು ಮಾಡುವುದು ಕೆಳಗಿನ ಮುಂದಿನ ಹಲ್ಲುಗಳ ಒಳಮೈಯಿಂದ. ಎಲ್ಲರೂ ಕನ್ನಡಿಯಲ್ಲಿ ಕಾಣುವ ಕಡೆಯಿಂದಲೇ ಶುರು ಮಾಡುತ್ತಾರೆ. ಒಳಗಡೆಗೆ ಬರುವ ಹೊತ್ತಿಗೆ ಬೇಜಾರು ಬಂದಿರುತ್ತದೆ. ನಾಲಿಗೆಯ ಅಡಿಯಿಂದ ಜೊಲ್ಲು ಬಂದು ಬೀಳುವುದು ಆ ಜಾಗಕ್ಕೇ. ಜೊಲ್ಲಿನಲ್ಲಿ ಸುಣ್ಣದ ಅಂಶವಿದೆ. ಬಿಸಿನೀರಿನ ಹಂಡೆಯೊಳಗೆ ಬಿಳೀ ಪೊರೆ ಕಟ್ಟುವ ಹಾಗೆ ಅಲ್ಲಿ ಕೊಳೆ ಗಟ್ಟಿಯಾಗಿ ಕಲ್ಲಾಗುತ್ತದೆ. ಕಲ್ಲಾದ ಮೇಲೆ ಬ್ರಶ್ಶಿಗೆ ಬಗ್ಗುವುದಿಲ್ಲ, ಡಾಕ್ಟರೇ ತೆಗೆಯಬೇಕು. ಅಲ್ಲಿ ಬ್ರಶ್ಶನ್ನು ನೆಟ್ಟಗೆ ನಿಲ್ಲಿಸಿ, ಒಸಡಿನಿಂದ ಮೇಲಕ್ಕೆ ಮೆಲ್ಲಗೆ ಎಳೆಯಿರಿ. ಒಂದೊಂದು ಹಲ್ಲಿಗೂ ನಾಲ್ಕೈದು ಸಲ.

ಆಮೇಲೆ ದವಡೆ ಹಲ್ಲು. ಕಟ್ಟಕಡೆಯ ಹಲ್ಲಿನ ಹಿಂಬದಿಗೆ ಬ್ರಶ್ ಹೋಗುವುದಿಲ್ಲ ಅಂತ ದೂರುತ್ತೀರಿ. ಬಾಯನ್ನು ಆ ಅಂತ ಪೂರ್ತಿ ತೆರೆದರೆ ಕೆನ್ನೆ ಬಿಗಿಯುತ್ತದೆ, ಹೇಗೆ ಹೋದೀತು? ಬಾಯಿ ಅರ್ಧ ಮುಚ್ಚಿ ನೋಡಿ. ಜಾಗ ತಾನಾಗಿ ಆಗುತ್ತದೆ. ಬ್ರಶ್ಶಿನ ಕೂದಲು ಅರ್ಧ ಹಲ್ಲಿನ ಮೇಲೆ, ಅರ್ಧ ಒಸಡಿನ ಅಂಚಿನ ಮೇಲೆ, ಓರೆಯಾಗಿ ಇರಲಿ. ರವೆ ಜರಡಿ ಆಡಿಸಿದ ಹಾಗೆ ಇದ್ದಲ್ಲೇ ಸಣ್ಣಗೆ ಆಡಿಸಿ.

ಇನ್ನು ಪರೀಕ್ಷೆ. ನಾಲಿಗೆಯನ್ನು ಹಲ್ಲಿನ ಒಳಮೈ ಮೇಲೆ ಆಡಿಸಿ. ಆಗಷ್ಟೇ ತೊಳೆದ ಸ್ಟೀಲ್ ತಟ್ಟೆಯ ಹಾಗೆ ಜಾರಿದರೆ ಸರಿ. ಎಣ್ಣೆಡಬ್ಬಿಯ ಮುಚ್ಚಳದ ಹಾಗೆ ಜಿಡ್ಡು ಜಿಡ್ಡಾಗಿ ತಗುಲಿದರೆ ಅಲ್ಲಿಗೆ ವಾಪಸು ಹೋಗಿ. ಕನ್ನಡಿ ಸುಳ್ಳು ಹೇಳಬಹುದು, ನಾಲಿಗೆ ಹೇಳುವುದಿಲ್ಲ. ಇದಾದ ಮೇಲೆ ಬಟಾಣಿ ಕಾಳಷ್ಟು ಪೇಸ್ಟ್ ಹಚ್ಚಿ ಇನ್ನೊಂದು ಸುತ್ತು. ಜಾಹೀರಾತಿನಲ್ಲಿ ಬ್ರಶ್ಶಿನ ಉದ್ದಕ್ಕೂ ಅಲೆ ಅಲೆಯಾಗಿ ಹಾಕುತ್ತಾರೆ. ಅವರಿಗೆ ಟ್ಯೂಬು ಬೇಗ ಖಾಲಿಯಾಗಬೇಕು, ಅಷ್ಟೆ. ಮೂರು ವರ್ಷದೊಳಗಿನ ಕೂಸಿಗೆ ಅಕ್ಕಿಕಾಳಷ್ಟು ಸಾಕು. ಕೊನೆಗೆ ಉಗಿದು ಸುಮ್ಮನಾಗಿ. ಚೊಂಬುಗಟ್ಟಲೆ ನೀರು ಮುಕ್ಕಳಿಸಿದರೆ ಪೇಸ್ಟಿನಲ್ಲಿರುವ, ಹುಳುಕು ತಡೆಯುವ ಫ್ಲೋರೈಡು ಎಲ್ಲ ಮೋರಿಗೆ ಹೋಗುತ್ತದೆ.

ಉಜ್ಜುವಾಗ ರಕ್ತ ಬಂತು ಅಂತ ಆ ಕಡೆ ಬಿಟ್ಟುಬಿಡುವವರಿದ್ದಾರೆ. ನಾನೂ ಬಿಟ್ಟವಳೇ. ಕೊಳೆ ಕೂತು ಒಸಡು ಊದಿರುತ್ತದೆ, ಅದಕ್ಕೇ ರಕ್ತ ಬರುವುದು. ಬಿಟ್ಟಷ್ಟೂ ಜಾಸ್ತಿಯಾಗುತ್ತದೆ. ಹೀಗೇ ಒಂದು ದವಡೆ ಹಲ್ಲು ಕಳೆದುಕೊಂಡೆ. ಮೆತ್ತಗೆ ಉಜ್ಜುತ್ತಾ ಇರಿ. ಎರಡು ವಾರವಾದರೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ಅಷ್ಟು ದಿನವೂ ಕಾಯಬೇಡಿ. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅಂತ ನಮ್ಮ ಓರಗಿತ್ತಿ ಇವತ್ತಿಗೂ ವಾದ ಮಾಡುತ್ತಾಳೆ. ಸಂದಿಯಲ್ಲಿದ್ದ ಕಲ್ಲು ಹೋದ ಮೇಲೆ ಸಂದಿ ಕಾಣುತ್ತದೆ. ಸಡಿಲ ಮಾಡಿದ್ದು ಆ ಕಲ್ಲೇ.

ಬೆಳ್ಳಗಾಗಲಿ ಅಂತ ನಿಂಬೆಹಣ್ಣು ಉಜ್ಜುವ ಹುಚ್ಚು ಬೇರೆ ಶುರುವಾಗಿದೆ. ಅಡುಗೆಕಟ್ಟೆಯ ಕಡಪ ಕಲ್ಲಿನ ಮೇಲೆ ನಿಂಬೆರಸ ಚೆಲ್ಲಿ ಮರೆತು ನೋಡಿ. ಹೊಳಪು ಹೋಗಿ ಬಿಳೀ ಕಲೆ ನಿಲ್ಲುತ್ತದೆ. ಹಲ್ಲಿಗೂ ಅದೇ ಗತಿ. (ಹುಣಸೆರಸ ಚೆಲ್ಲಿದರೂ ಅಷ್ಟೇ. ಕಟ್ಟೆಯನ್ನು ಆಗಿಂದಾಗ್ಗೆ ಒರೆಸಿ ಅಂತ ಎಷ್ಟು ಸಲ ಹೇಳಿದ್ದೇನೋ! ಸಂಜೆ ಒರೆಸಿದರೆ ಒರೆಸಿದಂತಲ್ಲ.) ಹುಳಿ ತಿಂದ ಕೂಡಲೇ ಹಲ್ಲುಜ್ಜಬೇಡಿ. ನೀರಿನಲ್ಲಿ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಡಿ. ಇದ್ದಿಲ ಪುಡಿಯೂ ಬೇಡ. ಅಜ್ಜ ಉಜ್ಜುತ್ತಿದ್ದರು ಅನ್ನುತ್ತೀರಿ, ಸರಿ. ಅವರ ಹಲ್ಲು ಅರ್ಧ ಸವೆದಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎಲ್ಲ ಕಲೆಯೂ ಕೊಳೆಯಲ್ಲ. ನಮ್ಮ ಪಾವಗಡದ ಕಡೆ ಬೋರ್‌ವೆಲ್ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಇರುತ್ತಿತ್ತು. ಶಾಲೆಯಲ್ಲಿ ಮೇಷ್ಟ್ರು "ಹಲ್ಲುಜ್ಜೋದಿಲ್ವೇನೋ" ಅಂತ ಬೈಯುತ್ತಿದ್ದರು. ಪಾಪ, ಉಜ್ಜಿದರೆ ಹೋಗುವ ಕಲೆಯಲ್ಲ ಅದು. ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಜಾಸ್ತಿಯಾದರೆ ಒಸಡಿನೊಳಗೆ ಹಲ್ಲು ಬೆಳೆಯುತ್ತಿರುವಾಗಲೇ ಕಲೆ ಕೂತುಬಿಡುತ್ತದೆ. ಕಾಯಿಸಿದರೆ ಹೋಗುತ್ತದೆ ಅಂತ ತಿಳಿಯಬೇಡಿ. ನೀರು ಆವಿಯಾಗಿ ಫ್ಲೋರೈಡು ಇನ್ನೂ ದಟ್ಟವಾಗುತ್ತದೆ. ಸಣ್ಣ ಮಕ್ಕಳಿಗೆ ಶುದ್ಧ ನೀರಿನ ಘಟಕದ್ದೋ ಶೇಖರಿಸಿಟ್ಟ ಮಳೆನೀರೋ ಕೊಡಿ.

ಮಗುವಿಗೆ ಆರು ವರ್ಷವಾದಾಗ ಬಾಯಿಯ ಹಿಂಭಾಗ ನೋಡಿ. ಒಂದು ಹಲ್ಲೂ ಬೀಳದೆ ಹೊಸದೊಂದು ದವಡೆ ಹಲ್ಲು ಬಂದಿರುತ್ತದೆ. ಇದೂ ಹಾಲುಹಲ್ಲೇ, ಹುಳುಕಾದರೂ ಬಿದ್ದು ಬೇರೆ ಬರುತ್ತದೆ ಅಂತ ಅಮ್ಮಂದಿರು ಸುಮ್ಮನಿರುತ್ತಾರೆ. ಬರುವುದಿಲ್ಲ ಕಣ್ರೀ! ಅದು ಜೀವಮಾನಕ್ಕೆಲ್ಲ ಒಂದೇ. ಇನ್ನು ರಾತ್ರಿ ಹಾಲಿನ ಬಾಟಲಿ ಬಾಯಲ್ಲಿಟ್ಟು ಕೂಸನ್ನು ಮಲಗಿಸುವುದು. ಅದಕ್ಕೆ ಬೈಯಲು ಶುರು ಮಾಡಿದರೆ ಈ ಬರಹ ಮುಗಿಯುವುದಿಲ್ಲ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಹಾಲು ಹಲ್ಲಿಗೆ ಅಂಟಿಕೊಂಡೇ ಇರುತ್ತದೆ. ದೊಡ್ಡವರೂ ಅಷ್ಟೇ. ಬೆಳಗ್ಗೆ ಒಂದು ದಿನ ತಪ್ಪಿದರೂ ಕ್ಷಮಿಸಬಹುದು, ರಾತ್ರಿಯದ್ದು ತಪ್ಪಬಾರದು.

ಹಲ್ಲುನೋವಿಗೆ ಲವಂಗ ಕಚ್ಚಿಕೊಳ್ಳಿ, ಆ ರಾತ್ರಿ ಕಳೆಯುತ್ತದೆ. ಹುಳುಕು ಹೋಗುವುದಿಲ್ಲ. ನೋವಿನ ಮಾತ್ರೆಯನ್ನು ಒಸಡಿಗೆ ಒತ್ತಿಟ್ಟುಕೊಳ್ಳಬೇಡಿ, ಚರ್ಮ ಸುಟ್ಟು ಬೆಳ್ಳಗಾಗುತ್ತದೆ. ಕೆನ್ನೆ ಊದಿ ಜ್ವರ ಬಂದರೆ ಮನೆಮದ್ದಿನ ಮಾತೇ ಬೇಡ, ಅವತ್ತೇ ಡಾಕ್ಟರ ಹತ್ತಿರ ಹೋಗಿ. ಬಾಯಲ್ಲಿ ಹುಣ್ಣಾಗಿ ಎರಡು ವಾರವಾದರೂ ಮಾಯದಿದ್ದರೆ ತೋರಿಸಿ. ಅಡಿಕೆ, ಹೊಗೆಸೊಪ್ಪು, ಗುಟ್ಕಾ ಹಾಕುವವರು ಇನ್ನೊಂದು ನೋಡಿಕೊಳ್ಳಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಬಾಯೊಳಗೆ ಹೋಗಬೇಕು. ಹೋಗದಿದ್ದರೆ ಬಾಯಿ ಬಿಗಿಯಲು ಶುರುವಾಗಿದೆ ಅಂತ ಅರ್ಥ.

ಹಲ್ಲಿನ ಸೆಟ್ಟು ಹಾಕುವವರಿಗೆ ಒಂದು ಮಾತು. ಅದನ್ನು ತೊಳೆಯುವಾಗ ಕೆಳಗೆ ಒಂದು ಬೋಗುಣಿಯಲ್ಲಿ ನೀರಿಟ್ಟುಕೊಳ್ಳಿ, ಜಾರಿದರೂ ಒಡೆಯುವುದಿಲ್ಲ. ಬಿಸಿನೀರು ಹಾಕಿದರೆ ಸೊಟ್ಟಗಾಗುತ್ತದೆ. ರಾತ್ರಿ ತೆಗೆದು ನೀರಿನಲ್ಲಿಡಿ, ಒಸಡಿಗೂ ಉಸಿರು ಬೇಕಲ್ವಾ. ನಮ್ಮ ಯಜಮಾನರು ಸ್ಟೀಲ್ ಲೋಟದಲ್ಲಿ ಇಡುತ್ತಿದ್ದರು. ಒಂದು ಬೆಳಗ್ಗೆ ಕತ್ತಲಲ್ಲಿ ಎದ್ದ ನಾನು ಅದು ಮಿಕ್ಕಿದ ನೀರು ಅಂದುಕೊಂಡು ತುಳಸಿಗೆ ಸುರಿದುಬಿಟ್ಟೆ. ತಿಂಡಿಯ ಹೊತ್ತಿಗೆ ಮನೆಯವರೆಲ್ಲ ಕಟ್ಟೆಯ ಸುತ್ತ ಕೂತು ಮಣ್ಣು ಕೆದಕಿದ್ದೇ ಕೆದಕಿದ್ದು. ಅವತ್ತಿನಿಂದ ಆ ಲೋಟಕ್ಕೆ ಮುಚ್ಚಳ, ಮುಚ್ಚಳಕ್ಕೆ ಒಂದು ಕೆಂಪು ದಾರ.